ಹಾರುವ ಲ್ಯಾಂಕಾಸ್ಟರ್ ನೋಡಲು ಹೊರಟವರಿಗೆ

ಎರಡನೇ ಮಹಾಯುದ್ಧದ ಲ್ಯಾಂಕಾಸ್ಟರ್ ಬಾಂಬರ್‌ಗಳಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದಿರುವುದು ಎರಡೇ: ಇಂಗ್ಲೆಂಡಿನ ಕಾನಿಂಗ್ಸ್‌ಬಿಯ ಪಿಎ474, ಕೆನಡಾದ ಹ್ಯಾಮಿಲ್ಟನ್‌ನ ಎಫ್‌ಎಂ213.

ಹೊರಡುವ ಮುನ್ನ ಗಾಳಿಯ ಮುನ್ಸೂಚನೆ ನೋಡಿ. ಇದು ಬಾಲದಡಿ ಚಕ್ರವಿರುವ ವಿಮಾನ. ರನ್‌ವೇಗೆ ಅಡ್ಡಗಾಳಿ ಬೀಸಿದರೆ ನೆಲದ ಮೇಲೆ ಹತೋಟಿ ಕಷ್ಟ. ನೀವು ನಿಂತಲ್ಲಿ ಒಳ್ಳೆಯ ಬಿಸಿಲಿದ್ದರೂ ಹಾರಾಟ ರದ್ದಾಗುವುದು ಹೀಗೆ.

ಸೂರ್ಯ ಬೆನ್ನ ಹಿಂದಿರಲಿ. ಹೊಟ್ಟೆಭಾಗ ಮೊದಲೇ ಕಪ್ಪು. ಎದುರು ಬಿಸಿಲಿನಲ್ಲಿ ಬರೀ ನೆರಳಷ್ಟೇ ಸಿಗುತ್ತದೆ.

ಹೆಚ್ಚಿನ ಫೋಟೊಗಳು ಕೆಡುವುದು ಶಟರ್ ವೇಗದಿಂದ. ಸೆಕೆಂಡಿನ 1/1000 ಭಾಗದಲ್ಲಿ ತೆಗೆದರೆ ಪ್ರೊಪೆಲರ್ ನಿಂತೇಹೋದಂತೆ ಕಾಣುತ್ತದೆ, ಎಂಜಿನ್ ಕೆಟ್ಟ ವಿಮಾನದ ಹಾಗೆ. 1/250ರಿಂದ ಶುರುಮಾಡಿ, ಕೈ ಕುದುರಿದ ಮೇಲೆ 1/125ಕ್ಕೆ ಇಳಿಸಿ. ಪಾದ ಕದಲಿಸದೆ ಸೊಂಟದಿಂದ ತಿರುಗುತ್ತಾ ವಿಮಾನವನ್ನು ಹಿಂಬಾಲಿಸಿ, ಕ್ಲಿಕ್ಕಿಸಿದ ನಂತರವೂ ತಿರುಗುತ್ತಿರಿ. ಹತ್ತರಲ್ಲಿ ಎಂಟು ಮಸುಕಾಗುತ್ತವೆ ಎಂದೇ ಇಟ್ಟುಕೊಂಡು ಸಾಲಾಗಿ ತೆಗೆಯಿರಿ.

ಸದ್ದು ಬಂದ ಕಡೆ ಹುಡುಕಬೇಡಿ. ಲ್ಯಾಂಕಾಸ್ಟರ್‌ನ ಮರ್ಲಿನ್ ಎಂಜಿನ್‌ಗಳ ಸದ್ದು 3 ಕಿ.ಮೀ. ದಾಟಲು ಸುಮಾರು 9 ಸೆಕೆಂಡು ಬೇಕು. ಅಷ್ಟರಲ್ಲಿ ವಿಮಾನ ಅರ್ಧ ಕಿ.ಮೀ.ಗೂ ಹೆಚ್ಚು ಮುಂದೆ ಬಂದಿರುತ್ತದೆ. ಬೈನಾಕ್ಯುಲರ್‌ಗೆ 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿ.ಮೀ. ಮಸೂರದ್ದು) ಸಾಕು.

ಒಳಗೆ ಕೂತು ಹಾರುವ ಆಸೆಯಿದ್ದರೆ ಹ್ಯಾಮಿಲ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಪಿಎ474 ಬ್ರಿಟನ್ ವಾಯುಪಡೆಯದು, ಅದಕ್ಕೆ ಟಿಕೆಟ್ ಇಲ್ಲ.