ಕಲಬುರಗಿಯಲ್ಲಿ ಸೂಪರ್‌ಹೀರೋನನ್ನು ಓಡಾಡಿಸುವುದು ಹೇಗೆ

ನೀವು ಬರೆಯುತ್ತಿರೋ ಕಾಮಿಕ್ಸ್‌ನ ಹೀರೋ ಕಲಬುರಗಿಯವನಾ? ಹಾಗಾದ್ರೆ ಅವನಿಗೆ ಯಾವ ಶಕ್ತಿ ಕೊಡೋಣ ಅಂತ ಯೋಚಿಸುವ ಮೊದಲು ಜಗತ್ ಸರ್ಕಲ್‌ಗೆ ಹೋಗಿ, ತಲೆ ಎತ್ತಿ ನೋಡಿ. ಜೋತಾಡೋಕೆ ಅಲ್ಲೇನಿದೆ? ಹೆಚ್ಚಿನವು ಎರಡು ಮೂರು ಮಹಡಿಯ ಕಟ್ಟಡಗಳು, ಅವುಗಳ ಮುಂದೆ ಕರೆಂಟ್ ವೈರು, ಕೇಬಲ್ಲು, ಬ್ಯಾನರ್ರು.

1962ರಲ್ಲಿ ಬಂದ ಸ್ಪೈಡರ್‌ಮ್ಯಾನ್‌ಗೆ ನ್ಯೂಯಾರ್ಕ್‌ನ ಗಗನಚುಂಬಿ ಕಟ್ಟಡಗಳ ಮ್ಯಾನ್‌ಹ್ಯಾಟನ್ ಸಿಕ್ಕಿತು, ಬಚಾವಾದ. ಅದೇ ಊರಲ್ಲಿ ಅವನ ಮನೆ ಇರೋ ಕ್ವೀನ್ಸ್‌ನ ಬೀದಿಗಳಲ್ಲಿ ತಗ್ಗು ಮನೆಗಳೇ ಜಾಸ್ತಿ, ಅಲ್ಲಿ ಅವನ ಬಲೆ ಅಷ್ಟಾಗಿ ಕೆಲಸಕ್ಕೆ ಬರಲ್ಲ. ನಮ್ಮಲ್ಲಂತೂ ಕೇಳೋದೇ ಬೇಡ.

ಸುಮ್ನೆ ಲೆಕ್ಕ ಹಾಕಿ. ಕಟ್ಟಡ 12 ಮೀಟರ್ ಎತ್ತರ, ಕೆಳಗಿನ ವೈರಿಗೆ, ಆಟೋಗಳಿಗೆ ಹೀರೋ ತಾಗಬಾರದು ಅಂತ 6 ಮೀಟರ್ ಬಿಟ್ಟರೆ ಹಗ್ಗಕ್ಕೆ ಉಳಿಯೋದು 6 ಮೀಟರ್. ಹಗ್ಗವನ್ನು ಪೂರ್ತಿ ಅಡ್ಡಕ್ಕೆ ಎಳೆದು ಜೀಕಿದರೂ ಒಂದು ಸಲಕ್ಕೆ 12 ಮೀಟರ್ ಸಾಗುತ್ತಾನೆ, ಹೆಚ್ಚುಕಮ್ಮಿ 3 ಸೆಕೆಂಡಿನಲ್ಲಿ. ಅಂದ್ರೆ ಗಂಟೆಗೆ 15 ಕಿಲೋಮೀಟರ್, ಸೈಕಲ್ ವೇಗ. ಒಂದು ಕಿಲೋಮೀಟರ್‌ಗೆ 80ಕ್ಕೂ ಹೆಚ್ಚು ಸಲ ಜೀಕಬೇಕು! ಅದೇ 100 ಮೀಟರ್ ಹಗ್ಗ ಇದ್ದರೆ ವೇಗ 60ಕ್ಕೆ ಏರುತ್ತೆ. ಹೀರೋನ ವೇಗ ಇರೋದು ಅವನ ತೋಳಿನಲ್ಲಲ್ಲ, ಕಟ್ಟಡದ ಎತ್ತರದಲ್ಲಿ.

ಇನ್ನೊಂದು ತೊಂದರೆಯನ್ನು ಚಿತ್ರ ಬರೆಯೋರು ಮುಚ್ಚಿಡ್ತಾರೆ. ಹಗ್ಗದ ತುದಿ ಅಂಟಿರೋದು ಎಲ್ಲಿಗೆ? ಗೋಡೆಗೆ. ಹಾಗಾದ್ರೆ ಜೀಕಿದವನು ಹೋಗಿ ಬಡಿಯೋದೂ ಗೋಡೆಗೇ ಅಲ್ವಾ. ಅದೂ ಅಲ್ದೆ, ಅಡ್ಡದಿಂದ ಜೀಕಿ ಕೆಳಗೆ ಬಂದಾಗ ಹಗ್ಗದ ಮೇಲೆ ಅವನ ತೂಕದ ಮೂರು ಪಟ್ಟು ಭಾರ ಬೀಳುತ್ತೆ, ಹಗ್ಗ ಉದ್ದ ಇರಲಿ ಗಿಡ್ಡ ಇರಲಿ. 70 ಕೆಜಿ ಆಳಿಗೆ 210 ಕೆಜಿ. ಹಳೇ ಪ್ಯಾರಾಪೆಟ್ ಗೋಡೆ ಕಿತ್ತು ಬಂದರೆ ಮನೆ ಮಾಲೀಕನಿಗೆ ಉತ್ತರ ಕೊಡೋರು ಯಾರು?

ಜಿಗಿಸೋಣ ಅಂತೀರಾ? 1938ರಲ್ಲಿ ಸೂಪರ್‌ಮ್ಯಾನ್ ಹಾರುತ್ತಿರಲಿಲ್ಲ, ಜಿಗಿಯುತ್ತಿದ್ದ, ಒಂದು ಸಲಕ್ಕೆ ಮೈಲಿಯ ಎಂಟನೇ ಒಂದು ಭಾಗ, ಅಂದ್ರೆ 200 ಮೀಟರ್. ಅಷ್ಟು ದೂರ ಹೋಗೋಕೆ ನೆಲ ಬಿಡುವಾಗ ಗಂಟೆಗೆ 160 ಕಿಲೋಮೀಟರ್ ವೇಗ ಬೇಕು, ಇಳಿಯುವಾಗಲೂ ಅಷ್ಟೇ ವೇಗ ಇರುತ್ತೆ. ಆ ವೇಗದಲ್ಲಿ ಮಾಳಿಗೆ ಮೇಲೆ ಇಳಿದರೆ ಶಹಾಬಾದ್ ಕಲ್ಲು ಪುಡಿ, ನೀರಿನ ಟ್ಯಾಂಕ್ ಚೂರು, ಒಣಗಿ ಹಾಕಿದ ಬಟ್ಟೆ ಪಕ್ಕದ ಓಣಿಗೆ.

ಬ್ಯಾಟ್‌ಮ್ಯಾನ್ ಥರ ಕಪ್ಪು ಕಾರು ಕೊಡೋರಿಗೆ ಒಂದೇ ಮಾತು: ಸಂಜೆ ಜನ ತುಂಬಿದ ಸೂಪರ್ ಮಾರ್ಕೆಟ್ ಕಡೆ ಓಡಿಸಿ ನೋಡಿ.

ಹಾಗಾದ್ರೆ ಏನು ಮಾಡೋದು? ಊರಿನ ನಕ್ಷೆ ತಗೊಂಡು ಕೂತ್ಕೊಳ್ಳಿ. ಹಳೇ ಊರಿನ ಗಲ್ಲಿಗಳಲ್ಲಿ ಮನೆಗಳು ಒತ್ತೊತ್ತಾಗಿವೆ, ಅಲ್ಲಿ ಮಾಳಿಗೆಯಿಂದ ಮಾಳಿಗೆಗೆ ಓಡಿಸಿ. ಕೋಟೆ ಹತ್ತಿರ ಬಂದರೆ ಕೆಳಗಿಳಿಸಿ, ಯಾಕಂದ್ರೆ ಕಂದಕ ದಾಟಿಸುವಷ್ಟು ಎತ್ತರದ ಕಟ್ಟಡ ಪಕ್ಕದಲ್ಲಿಲ್ಲ, ಗೋಡೆ ಹತ್ತಿ ಒಳಗೆ ಹೋದರೂ ಬಾಲಾ ಹಿಸ್ಸಾರ್ ಅನ್ನೋ ಎತ್ತರದ ಹಳೇ ಕಟ್ಟಡ ಒಂಟಿಯಾಗಿ ನಿಂತಿದೆ, ಹಗ್ಗ ಒಂದು ಸಲ ಎಸೆಯಬಹುದು, ಎರಡನೇ ಸಲ ಎಲ್ಲಿಗೆ ಎಸೀತಾನೆ? ರಿಂಗ್ ರೋಡ್‌ಗೆ ಬೈಕ್ ಸಾಕು. ಮಿಕ್ಕಿದ್ದಕ್ಕೆ ಆಟೋ. ಮೇ ತಿಂಗಳ ಕಥೆಯಾದರೆ ಮೈಗಂಟಿದ ರಬ್ಬರ್ ಡ್ರೆಸ್ ಬೇಡ, 40 ಡಿಗ್ರಿ ದಾಟೋ ಬಿಸಿಲಲ್ಲಿ ಅವನು ವಿಲನ್ ಕೈಗೆ ಸಿಗೋ ಮೊದಲೇ ಬೀಳ್ತಾನೆ.

ಹೀರೋ ತಡವಾಗಿ ಬರ್ತಾನೆ ಅಂತ ಹೆದರಬೇಡಿ. ಬ್ಯಾಂಕ್ ದೋಚಿದವನ ಗಾಡಿಯೂ ಅದೇ ಟ್ರಾಫಿಕ್‌ನಲ್ಲಿ, ಎರಡು ಆಟೋ ಮುಂದೆ ಸಿಕ್ಕಿಹಾಕಿಕೊಂಡಿರುತ್ತೆ.