ಐವತ್ತೆಂಟಕ್ಕೆ ಕೈಗೆ ಬಂದ ಗಿಟಾರ್

ಗಿಟಾರ್ ಕಲಿಯುತ್ತಿದ್ದೇನೆ ಅಂದ ಕೂಡಲೇ ನನ್ನ ವಯಸ್ಸಿನವರು ಕೇಳುವುದು ಒಂದೇ ಪ್ರಶ್ನೆ: "ಬೆರಳು ನೋಯಲ್ವಾ?" ನೋಯುತ್ತದೆ. ಆದರೆ ಆ ನೋವಿನಲ್ಲಿ ದೊಡ್ಡ ಪಾಲು ಬರುವುದು ವಾದ್ಯದಿಂದ. ಅದನ್ನು ಸರಿ ಮಾಡಿಸಬಹುದು. ಮಿಕ್ಕದ್ದಕ್ಕೆ ನಮ್ಮ ಹತ್ತಿರ ಒಂದು ಆಸ್ತಿ ಇದೆ. ಹದಿನೈದರ ಮಕ್ಕಳ ಹತ್ತಿರ ಅದು ಇರುವುದಿಲ್ಲ. ನಲವತ್ತು ಐವತ್ತು ವರ್ಷ ಹಾಡು ಕೇಳಿ ಪಳಗಿದ ಕಿವಿ. ಕೈಗೆ ಭಾರ ಕಡಿಮೆ ಮಾಡಿ, ಕಿವಿಗೆ ಕೆಲಸ ಜಾಸ್ತಿ ಕೊಟ್ಟರೆ ದೊಡ್ಡವರು ಚೆನ್ನಾಗಿಯೇ ಕಲಿಯುತ್ತಾರೆ. ನಾನು ಕಲಿತ ದಾರಿ ಇದೇ.

ನಾನು ಮೈಸೂರಿನವಳು. ಬ್ಯಾಂಕ್ ಕೆಲಸದಿಂದ ಸ್ವಲ್ಪ ಮೊದಲೇ ನಿವೃತ್ತಿ ತೆಗೆದುಕೊಂಡು, ಐವತ್ತೆಂಟರಲ್ಲಿ ಗಿಟಾರ್ ಶುರು ಮಾಡಿದೆ. ಚಿಕ್ಕಂದಿನಲ್ಲಿ ಹಾಡುಗಾರಿಕೆ ಕಲಿತಿದ್ದೆ. ಸರಳೆ, ಜಂಟಿ, ಅಲಂಕಾರ, ಗೀತೆ, ಒಂದಷ್ಟು ದೇವರನಾಮ. ಮದುವೆ, ವರ್ಗಾವಣೆ, ಮಕ್ಕಳು ಅಂತ ಅದು ಅಲ್ಲಿಗೇ ನಿಂತಿತ್ತು. "ಮೈಸೂರಲ್ಲಿದ್ದುಕೊಂಡು ವೀಣೆ ಬಿಟ್ಟು ಗಿಟಾರೇನೇ?" ಅಂತ ನಮ್ಮ ಚಿಕ್ಕಮ್ಮ ಕೇಳಿದರು. ವೀಣೆ ಶೇಷಣ್ಣನವರ ಊರು ಇದು, ಅವರು ಕೇಳಿದ್ದು ಸಹಜ. ಆದರೆ ನನಗೆ ಮಂಡಿ ನೋವು. ಚಕ್ಕಳಮಕ್ಕಳ ಹಾಕಿ ಹೊತ್ತುಗಟ್ಟಲೆ ಕೂರಲು ಆಗುವುದಿಲ್ಲ. ಗಿಟಾರನ್ನು ಕುರ್ಚಿಯ ಮೇಲೆ ಕೂತು ನುಡಿಸಬಹುದು, ನುಡಿಸುತ್ತಾ ಹಾಡಬಹುದು. ನನಗೆ ಬೇಕಿದ್ದದ್ದೂ ಅದೇ.

ಕೊಳ್ಳುವಾಗ ಎರಡು ಜಾತಿ ಎದುರಿಗೆ ಬರುತ್ತವೆ: ನೈಲಾನ್ ತಂತಿಯದ್ದು, ಸ್ಟೀಲ್ ತಂತಿಯದ್ದು. ನೈಲಾನಿನಲ್ಲಿ ಆರೂ ತಂತಿ ಸೇರಿ ಸುಮಾರು 40 ಕೆಜಿ ಎಳೆತ. ಸ್ಟೀಲಿನಲ್ಲಿ ಸಾಮಾನ್ಯವಾಗಿ ಹಾಕುವ 12 ಗೇಜಿನ ಸೆಟ್ಟಿಗೆ ಸುಮಾರು 70 ಕೆಜಿ. ಗೇಜ್ ಅಂದರೆ ತಂತಿಯ ದಪ್ಪದ ಅಳತೆ. ಬೆರಳಿಗೆ ನೈಲಾನ್ ಮೆತ್ತಗೆ. ಆದರೆ ಅದರ ಕತ್ತು ಅಗಲ, ತಲೆಯ ಕಡೆ 52 ಮಿಲಿಮೀಟರ್ ಇರುತ್ತದೆ. ಸ್ಟೀಲಿನದ್ದು 43ರ ಆಸುಪಾಸು. ನನ್ನ ಅಂಗೈ ಚಿಕ್ಕದು, ನೈಲಾನಿನ ಅಗಲಕ್ಕೆ ಬೆರಳು ಎಟುಕಲಿಲ್ಲ. ಹಾಗಾಗಿ ಸ್ಟೀಲ್ ತೆಗೆದುಕೊಂಡು 10 ಗೇಜಿನ ತೆಳು ತಂತಿ ಹಾಕಿಸಿದೆ. ಎಳೆತ 60 ಕೆಜಿಯ ಒಳಗೆ ಬಂತು. ಇನ್ನೊಂದು ಮಾತು. ಅಂಗಡಿಯಲ್ಲಿ ಎಲ್ಲರ ಕೈಗೂ ಕೊಡುವ ದಪ್ಪ ಒಡಲಿನ ದೊಡ್ಡ ಗಿಟಾರ್ ಇದೆಯಲ್ಲ, ಡ್ರೆಡ್‌ನಾಟ್ ಅಂತ, ಅದನ್ನು ಹಿಡಿದರೆ ನನ್ನ ಬಲಭುಜ ಮೇಲಕ್ಕೆ ಎದ್ದು ನಿಲ್ಲುತ್ತಿತ್ತು. ಭುಜದ ತೊಂದರೆ ಇರುವವರು ಅದಕ್ಕಿಂತ ಚಿಕ್ಕದಾದ ಕಾನ್ಸರ್ಟ್ ಅಳತೆಯದ್ದನ್ನು ತೊಡೆಯ ಮೇಲಿಟ್ಟು ನೋಡಲೇಬೇಕು. ಸುಮ್ನೆ ನಿಂತು ನೋಡಿ ಕೊಳ್ಳಬೇಡಿ. ಕೂತು, ಕೈ ಸುತ್ತಿ, ಸ್ವಲ್ಪ ಹೊತ್ತು ಇಟ್ಟುಕೊಳ್ಳಿ.

ಇನ್ನು ಅಂಗಡಿಯಿಂದ ಬಂದ ಗಿಟಾರ್ ಅಡುಗೆಗೆ ಮುಂಚಿನ ತರಕಾರಿ ಇದ್ದ ಹಾಗೆ. ಹೆಚ್ಚಿ, ತೊಳೆದು, ಹದ ಮಾಡಿಕೊಳ್ಳಬೇಕು. ಅದಕ್ಕೆ ಸೆಟಪ್ ಅನ್ನುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಜಾಗ ನಟ್, ಅಂದರೆ ತಲೆಯ ಬುಡದಲ್ಲಿ ತಂತಿಗಳು ಕೂರುವ ಬಿಳಿ ಪಟ್ಟಿ. ಕತ್ತಿನ ಉದ್ದಕ್ಕೂ ಅಡ್ಡಡ್ಡ ಕೂರಿಸಿದ ಲೋಹದ ಕಂಬಿಗಳಿಗೆ ಫ್ರೆಟ್ ಅನ್ನುತ್ತಾರೆ. ನಟ್ಟಿನ ಗೀರುಗಳು ಆಳ ಸಾಲದಿದ್ದರೆ ಮೊದಲ ಫ್ರೆಟ್ಟಿನಲ್ಲಿ ತಂತಿ ಒತ್ತಲು ವಿಪರೀತ ಬಲ ಬೇಕು. ಕಲಿಯುವವರ ಕೈ ಮೊದಲು ಹೋಗುವುದೇ ಅಲ್ಲಿಗೆ. ಪರೀಕ್ಷೆ ಸುಲಭ. ಎರಡು ಮತ್ತು ಮೂರನೇ ಫ್ರೆಟ್ಟಿನ ನಡುವೆ ತಂತಿಯನ್ನು ಒತ್ತಿ ಹಿಡಿಯಿರಿ. ಈಗ ಮೊದಲ ಫ್ರೆಟ್ಟಿನ ಕಂಬಿಗೂ ತಂತಿಗೂ ನಡುವೆ ನೋಡಿ. ಕೂದಲೆಳೆಯಷ್ಟು ಸಂದು ಇದ್ದರೆ ಸರಿ. ಕಾಗದ ಮಡಚಿ ತೂರಿಸುವಷ್ಟು ಇದ್ದರೆ ನಟ್ ಎತ್ತರ. ನನ್ನದರಲ್ಲಿ ಆರೂ ತಂತಿಗೂ ಎತ್ತರವಿತ್ತು.

ಎರಡನೆಯದು ಆಕ್ಷನ್. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಅನ್ನುವುದು. ದಪ್ಪ ತಂತಿ 3.5 ಮಿಲಿಮೀಟರ್ ಎತ್ತರದಲ್ಲಿತ್ತು. ಗಿಟಾರ್, ಮ್ಯಾಂಡೊಲಿನ್ ರಿಪೇರಿ ಮಾಡುವ ಹಿರಿಯರೊಬ್ಬರು ಅದನ್ನು 2.5ಕ್ಕೆ ಇಳಿಸಿಕೊಟ್ಟರು. ನಾನು ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಕತ್ತಿನ ಒಳಗಿನ ಟ್ರಸ್ ರಾಡ್ ಎಂಬ ಲೋಹದ ಸರಳು ತಿರುಗಿಸಿ ಕತ್ತಿನ ಬಾಗು ಸರಿ ಮಾಡಿದರು. ಆಮೇಲೆ ಸ್ಯಾಡಲ್, ಅಂದರೆ ಒಡಲಿನ ಮೇಲೆ ತಂತಿಗಳು ಕೂರುವ ಪಟ್ಟಿ, ಕಿತ್ತು, ಅದರ ತಳಕ್ಕೆ ಪೆನ್ಸಿಲ್ ಗೆರೆ ಹಾಕಿ, ಸಮತಟ್ಟಾದ ಮರದ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿದರು. "ನೋಡಿಮ್ಮಾ, ಹನ್ನೆರಡನೇ ಫ್ರೆಟ್ಟು ತಂತಿಗೆ ಸರಿ ಅರ್ಧ. ಅಲ್ಲಿ ಒಂದು ಇಳೀಬೇಕು ಅಂದ್ರೆ ಇಲ್ಲಿ ಎರಡು ಉಜ್ಜಬೇಕು" ಅಂದರು. ಕೊನೆಗೆ ಸಣ್ಣ ಅರದಿಂದ ನಟ್ಟಿನ ಗೀರುಗಳನ್ನು ಒಂದೊಂದಾಗಿ ಆಳ ಮಾಡಿದರು. ಎರಡು ಸಲ ಅರ ಎಳೆಯುವುದು, ತಂತಿ ಕೂರಿಸಿ ನೋಡುವುದು, ಮತ್ತೆ ಎಳೆಯುವುದು. ಜಾಸ್ತಿ ಆಳವಾದರೆ ಬೆರಳಿಂದ ಒತ್ತದ ಖಾಲಿ ತಂತಿ ಝರ್ ಅನ್ನುತ್ತದೆ, ನಟ್ಟೇ ಬದಲಿಸಬೇಕಾಗುತ್ತದೆ. ಹಾಗಾಗಿ ಇದನ್ನು ತಿಳಿದವರ ಕೈಗೇ ಕೊಡಿ. ಮನೆಗೆ ತಂದು ಮೊದಲ ಫ್ರೆಟ್ ಒತ್ತಿದಾಗ ಅದೇ ಬೆರಳು, ಅದೇ ತಂತಿ, ಬೇಕಾದ ಬಲ ಅರ್ಧವೂ ಇಲ್ಲ ಅನ್ನಿಸಿತು.

ಇದರ ಮೇಲೆ ಇನ್ನೊಂದು ಉಪಾಯ ಇದೆ. ವಯಸ್ಸಾದ ಮೇಲೆ ಶುರು ಮಾಡುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ ಅಂತ ನಾನು ನಂಬಿದ್ದೇನೆ. ಗಿಟಾರಿನ ತಂತಿಗಳು ದಪ್ಪದಿಂದ ಸಣ್ಣದಕ್ಕೆ ಇ, ಎ, ಡಿ, ಜಿ, ಬಿ, ಇ. ಎಲ್ಲವನ್ನೂ ಒಂದು ಪೂರ್ತಿ ಸ್ವರ, ಅಂದರೆ ಎರಡು ಫ್ರೆಟ್ಟಿನಷ್ಟು, ಇಳಿಸಿ ಡಿ, ಜಿ, ಸಿ, ಎಫ್, ಎ, ಡಿ ಮಾಡಿ. ಎರಡನೇ ಫ್ರೆಟ್ಟಿಗೆ ಕ್ಯಾಪೋ, ಅಂದರೆ ಆರೂ ತಂತಿಯನ್ನು ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್, ಹಾಕಿ. ಶ್ರುತಿ ಮತ್ತೆ ಮಾಮೂಲಿನದ್ದೇ ಆಯಿತು, ಪುಸ್ತಕದಲ್ಲಿರುವ ಕಾರ್ಡುಗಳೆಲ್ಲ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪುಗಳು) ಹಾಗೇ ನಡೆಯುತ್ತವೆ. ಆದರೆ ತಂತಿಯ ಎಳೆತ ಶೇಕಡಾ 20ರಷ್ಟು ಇಳಿದಿರುತ್ತದೆ. ಫ್ರೆಟ್ಟುಗಳ ಅಂತರವೂ ಕಿರಿದು. ಮೊದಲ ಫ್ರೆಟ್ಟಿನ ಅಂತರ ಸುಮಾರು 36 ಮಿಲಿಮೀಟರ್ ಇದ್ದರೆ, ಕ್ಯಾಪೋ ದಾಟಿದ ಮೇಲೆ ಸಿಗುವ ಮೊದಲ ಅಂತರ 32. ಚಿಕ್ಕ ಕೈಗೆ ಆ 4 ಮಿಲಿಮೀಟರ್ ಬಹಳ. ಕೈ ಗಟ್ಟಿಯಾದಂತೆ ಕ್ಯಾಪೋ ಮೊದಲ ಫ್ರೆಟ್ಟಿಗೆ ಬಂತು, ಆಮೇಲೆ ಪೂರ್ತಿ ತೆಗೆದೆ.

ನೋವಿನ ವಿಚಾರದಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಬೆರಳ ತುದಿಯ ಉರಿ ಒಳ್ಳೆಯದು, ಮೂರು ನಾಲ್ಕು ವಾರದಲ್ಲಿ ಚರ್ಮ ಗಟ್ಟಿಯಾಗಿ ತಾನೇ ಹೋಗುತ್ತದೆ. ಮಣಿಕಟ್ಟು, ಹೆಬ್ಬೆರಳ ಬುಡ, ಕತ್ತು ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಐವತ್ತು ದಾಟಿದ ಹೆಂಗಸರಲ್ಲಿ ಹೆಬ್ಬೆರಳ ಬುಡದ ಕೀಲು ಸವೆಯುವುದು ಸಾಮಾನ್ಯ, ಅದನ್ನು ಇಕ್ಕಳದ ಹಾಗೆ ಅದುಮಬಾರದು. ನನ್ನ ಮೇಷ್ಟ್ರು ಇದಕ್ಕೊಂದು ಅಭ್ಯಾಸ ಹೇಳಿಕೊಟ್ಟರು. ಹೆಬ್ಬೆರಳನ್ನು ಗಿಟಾರಿನ ಕತ್ತಿನಿಂದ ಪೂರ್ತಿ ತೆಗೆದು, ಬರೀ ತೋಳಿನ ಭಾರದಿಂದ ಬೆರಳನ್ನು ಹಿಂದಕ್ಕೆ ಎಳೆದುಕೊಂಡು ತಂತಿ ಒತ್ತುವುದು. ಬಲ ಮುಂಗೈ ಗಿಟಾರಿನ ಒಡಲನ್ನು ಹಿಡಿದಿರುತ್ತದೆ. ನಾದ ಚೊಕ್ಕವಾಗಿ ಬಂದರೆ ಹೆಬ್ಬೆರಳಿಗೆ ಅಲ್ಲಿ ಅಷ್ಟೇನೂ ಕೆಲಸ ಇಲ್ಲ ಅಂತ ಅರ್ಥ. ಜೊತೆಗೆ ಬೆರಳನ್ನು ಕಂಬಿಗೆ ತಾಗುವಷ್ಟು ಹತ್ತಿರ ಇಡಬೇಕು. ದೂರ ಹೋದಷ್ಟೂ ಬಲ ಜಾಸ್ತಿ ಬೇಕು. ಸಕ್ಕರೆ ಕಾಯಿಲೆಯಿಂದ ಬೆರಳ ತುದಿ ಜೋಮು ಹಿಡಿಯುವವರು ಶುರು ಮಾಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಗಾಯ ಆದದ್ದೇ ಗೊತ್ತಾಗದಿರಬಹುದು.

ಕನ್ನಡಕದ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರೋಗ್ರೆಸಿವ್ ಲೆನ್ಸ್ ಹಾಕಿಕೊಂಡು ಫ್ರೆಟ್ ನೋಡಲು ಹೋದರೆ ಗಲ್ಲ ಮೇಲೆತ್ತಿ, ಕತ್ತು ತಿರುಚಬೇಕು. ಕಂಪ್ಯೂಟರಿಗೆ ಅಂತ ಮಾಡಿಸಿದ್ದ ಕನ್ನಡಕ ಸರಿಯಾಗಿ ಹೊಂದಿತು. ಗಿಟಾರಿನ ಕತ್ತಿನ ಮೇಲಂಚಿನಲ್ಲಿ 3, 5, 7, 9, 12ನೇ ಫ್ರೆಟ್ಟಿಗೆ ಚುಕ್ಕಿ ಇರುತ್ತದೆ. ಗಿಟಾರನ್ನು ಮುಖದ ಕಡೆ ವಾಲಿಸದೆ ಆ ಚುಕ್ಕಿಗಳನ್ನೇ ನಂಬಿ.

ಈಗ ಕಿವಿಯ ವಿಷಯಕ್ಕೆ ಬರುತ್ತೇನೆ.

ನನ್ನ ಮೇಷ್ಟ್ರಿಗೆ ನನ್ನ ಮಗನಿಗಿಂತ ಚಿಕ್ಕ ವಯಸ್ಸು. ನಾನು ಅವರನ್ನು ಮೇಷ್ಟ್ರೇ ಅನ್ನುತ್ತೇನೆ, ಅವರು ನನ್ನನ್ನು ಮೇಡಂ ಅನ್ನುತ್ತಾರೆ. ಮೊದಲ ಪಾಠಕ್ಕೆ ಅವರು ಇಂಗ್ಲಿಷ್ ಹಾಡುಗಳ ಪಟ್ಟಿ ತಂದಿದ್ದರು. "ಮೇಷ್ಟ್ರೇ, ಇವು ನನ್ನ ಕಿವಿಯಲ್ಲಿ ಇಲ್ಲ. ನನಗೆ ಬರೋ ಸರಳೆ ವರಸೆಯಿಂದ ಶುರು ಮಾಡೋಣ್ವಾ?" ಅಂದೆ. ಅವರಿಗೆ ಕರ್ನಾಟಕ ಸಂಗೀತ ಗೊತ್ತಿರಲಿಲ್ಲ. ಆದರೆ ಖುಷಿಯಿಂದ ಒಪ್ಪಿದರು. ನಾನು ಹಾಡಿದೆ, ಅವರು ಫ್ರೆಟ್ ಹುಡುಕಿದರು. ಮಾಯಾಮಾಳವಗೌಳ ಒಂದೇ ತಂತಿಯ ಮೇಲೆ ಹೀಗೆ ಬರುತ್ತದೆ: ಖಾಲಿ ತಂತಿ ಸ, 1ರಲ್ಲಿ ರಿ, 4ರಲ್ಲಿ ಗ, 5ರಲ್ಲಿ ಮ, 7ರಲ್ಲಿ ಪ, 8ರಲ್ಲಿ ಧ, 11ರಲ್ಲಿ ನಿ, 12ರಲ್ಲಿ ಮೇಲಿನ ಸ. ನಾಲ್ಕನೇ ತಂತಿಯ ಮೇಲೆ (ತಂತಿಗಳನ್ನು ಎಣಿಸುವುದು ಸಣ್ಣದರಿಂದ) ಇದನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಅಭ್ಯಾಸ ಮಾಡಿದೆ. ಕಣ್ಣು ಮುಚ್ಚಿಕೊಂಡರೂ ತಪ್ಪು ಫ್ರೆಟ್ ತಕ್ಷಣ ಗೊತ್ತಾಗುತ್ತಿತ್ತು. ಯಾರೂ ಹೇಳಬೇಕಾಗಿರಲಿಲ್ಲ, ಕಿವಿಯೇ ಹೇಳುತ್ತಿತ್ತು. ಬೆರಳಿಗೆ ಗೊತ್ತಿಲ್ಲದ ಜಾಗ, ಕಿವಿಗೆ ಗೊತ್ತಿರುವ ಸ್ವರ. ಇವೆರಡು ಒಂದನ್ನೊಂದು ಎಳೆದುಕೊಂಡು ಬಂದವು.

ಕಾರ್ಡುಗಳೂ ನನಗೆ ಅರ್ಥವಾದದ್ದು ಸ್ವರಗಳಲ್ಲೇ. ಜಿ ಅನ್ನು ಸ ಅಂತ ಇಟ್ಟುಕೊಳ್ಳಿ. ಜಿ ಕಾರ್ಡಿನಲ್ಲಿ ಇರುವುದು ಸ, ಗ, ಪ. ಸಿ ಕಾರ್ಡಿನಲ್ಲಿ ಮ, ಧ, ಸ. ಡಿ ಕಾರ್ಡಿನಲ್ಲಿ ಪ, ನಿ, ರಿ. ಮೂರು ಕಾರ್ಡಿನಲ್ಲಿ ಶಂಕರಾಭರಣದ ಏಳೂ ಸ್ವರ ಬಂದುಬಿಟ್ಟವು! ಇದು ಹೊಳೆದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಗೊತ್ತಿರುವ ಒಂದು ಸರಳ ಹಾಡನ್ನು ಸ್ವರ ಹಾಕಿ ಹಾಡಿಕೊಳ್ಳಿ. ಸಾಲು ಎಲ್ಲಿ ನಿಲ್ಲುತ್ತದೆ ನೋಡಿ. ಗ ಮೇಲೆ ನಿಂತರೆ ಜಿ, ಮ ಅಥವಾ ಧ ಮೇಲೆ ನಿಂತರೆ ಸಿ, ರಿ ಅಥವಾ ನಿ ಮೇಲೆ ನಿಂತರೆ ಡಿ. ಸ ಮತ್ತು ಪ ಎರಡೆರಡು ಕಡೆ ಇವೆ, ಅಲ್ಲಿ ಎರಡನ್ನೂ ಹಾಕಿ ಕಿವಿಗೆ ಹಿತವಾದದ್ದನ್ನು ಇಟ್ಟುಕೊಳ್ಳಿ. ಸ್ವಲ್ಪ ಕಾಲದ ಮೇಲೆ ಇ ಮೈನರ್ ಸೇರಿಸಿ, ಅದರಲ್ಲಿ ಧ, ಸ, ಗ ಇವೆ. ಎರಡೇ ಬೆರಳು ಸಾಕು.

ನಾನು ಪೂರ್ತಿಯಾಗಿ ನುಡಿಸಿದ ಮೊದಲ ಕೃತಿಗಳು ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳು. ದೀಕ್ಷಿತರು (1775–1835) ಬ್ಯಾಂಡಿನವರ ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಶಂಕರಾಭರಣದ ಸ್ವರಗಳು, ಸ್ವರವನ್ನು ತೂಗಿಸುವ ಗಮಕ ಇಲ್ಲ. ಮೇಲೆ ಹೇಳಿದ ಮೂರು ಕಾರ್ಡಿಗೆ ಹೇಳಿ ಮಾಡಿಸಿದಂತಿವೆ. ಶಾಲೆಯಲ್ಲಿದ್ದಾಗ ಕಲಿತವು ಇಷ್ಟು ವರ್ಷದ ಮೇಲೆ ಹೊಸ ಬಟ್ಟೆ ಹಾಕಿಕೊಂಡು ಬಂದವು. ಆದರೆ ಎಲ್ಲ ರಾಗಕ್ಕೂ ಕಾರ್ಡ್ ಹಾಕಲು ಹೋಗಬೇಡಿ. ಗಮಕದಲ್ಲಿ ತೂಗುವ ತೋಡಿಯ ಗಾಂಧಾರಕ್ಕೆ ಕಾರ್ಡ್ ಹಾಕಿದರೆ ತೋಡಿ ಹೋಯಿತು. ಇದರಲ್ಲಿ ನಾನು ಹಟಮಾರಿ.

ಬಲಗೈಗೆ ತಾಳವೇ ಗುರು. ಎಡಗೈಯನ್ನು ತಂತಿಗಳ ಮೇಲೆ ಮೆತ್ತಗೆ ಇಟ್ಟು ನಾದ ಅಡಗಿಸಿ, ಬಲಗೈ ಮಾತ್ರ ಓಡಿಸುವುದು. ಕೆಳಗೆ, ಕೆಳಗೆ ಮೇಲೆ, ಮೇಲೆ ಕೆಳಗೆ ಮೇಲೆ. ಬಾಯಲ್ಲಿ ತಕಧಿಮಿ. ಭಾವಗೀತೆಗಳಲ್ಲಿ ಆರರ ನಡೆ ಜಾಸ್ತಿ, ಅದಕ್ಕೆ ತಕಿಟ ತಕಿಟ. ಕಾರ್ಡ್ ಬದಲಾಗುವಾಗ ಎಡಗೈ ತಡವಾದರೂ ಬಲಗೈ ನಿಲ್ಲಬಾರದು. ಇದೊಂದನ್ನು ಮೇಷ್ಟ್ರು ಪಟ್ಟು ಹಿಡಿದು ಕಲಿಸಿದರು. ಕೇಳುವವರಿಗೆ ಕಾರ್ಡ್ ತಪ್ಪಿದ್ದು ತಿಳಿಯದೇ ಹೋಗಬಹುದು, ತಾಳ ತಪ್ಪಿದ್ದು ಮಗುವಿಗೂ ತಿಳಿಯುತ್ತದೆ ಅಲ್ವಾ.

ಎಫ್ ಬ್ಯಾರೆ ಕಾರ್ಡಿನ ಹಿಂದೆ ನಾನು ಬಿದ್ದಿಲ್ಲ. ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಹಾಕುವುದು ಕೀಲಿಗೆ ಶ್ರಮ. ಕ್ಯಾಪೋ ಜರುಗಿಸಿದರೆ ಹಾಡುಗಾರರ ಶ್ರುತಿಗೆ ಹೊಂದುತ್ತದೆ, ಅಷ್ಟು ಸಾಕು. ಅಭ್ಯಾಸವೂ ಅಷ್ಟೇ. ಬೆಳಗ್ಗೆ ಕಾಫಿ ಆದ ಮೇಲೆ ಕಾಲು ಗಂಟೆ, ಸಂಜೆ ದೀಪ ಹಚ್ಚಿದ ಮೇಲೆ ಕಾಲು ಗಂಟೆ. ಒಂದೇ ಸಲ ಗಂಟೆಗಟ್ಟಲೆ ಕೂತರೆ ಮಾರನೇ ದಿನ ಕೈ ಮುಷ್ಕರ ಹೂಡುತ್ತದೆ. ಗಿಟಾರ್ ಚೀಲದೊಳಗೆ ಇರಬಾರದು. ಹಾಲಿನಲ್ಲಿ ಸ್ಟ್ಯಾಂಡಿನ ಮೇಲೆ ಕಣ್ಣಿಗೆ ಬೀಳುವ ಹಾಗೆ ಇರಬೇಕು.

ಈಗ ನಾನಿರುವುದು ಇನ್ನೊಂದು ಶ್ರುತಿಯಲ್ಲಿ. ಮಾಮೂಲಿ ಶ್ರುತಿಯಿಂದ ಆರು, ಎರಡು, ಒಂದನೇ ತಂತಿಗಳನ್ನು ಒಂದು ಸ್ವರ ಇಳಿಸಿದರೆ ಡಿ, ಎ, ಡಿ, ಜಿ, ಎ, ಡಿ ಆಗುತ್ತದೆ. ಡೇವಿ ಗ್ರಹಾಂ ಎಂಬ ಬ್ರಿಟಿಷ್ ಗಿಟಾರ್ ವಾದಕರು 1960ರ ದಶಕದಲ್ಲಿ ಇದನ್ನು ಹೆಸರಿಗೆ ತಂದರು. ನಮ್ಮ ಲೆಕ್ಕದಲ್ಲಿ ಓದಿ ನೋಡಿ: ಸ, ಪ, ಸ, ಮ, ಪ, ಸ. ಹೆಬ್ಬೆರಳಿನಿಂದ ದಪ್ಪ ತಂತಿಗಳ ಸ ಮತ್ತು ಪ ಮೀಟುತ್ತಾ ಹೋದರೆ ತಂಬೂರಿ ಜೊತೆಗಿದ್ದ ಹಾಗೆ ಹಾಡಬಹುದು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಡಿ ಅಂದರೆ ಎರಡು ಮನೆ ಶ್ರುತಿ. ನಾನು ಹಾಡುವುದು ನಾಲ್ಕು ಮನೆಗೆ, ಹಾಗಾಗಿ ಮೂರನೇ ಫ್ರೆಟ್ಟಿಗೆ ಕ್ಯಾಪೋ. ಒಂದನೇ ತಂತಿಯ ಮೇಲೆ ಕ್ಯಾಪೋದಿಂದ ಎಣಿಸಿದರೆ 2, 4, 7, 9, 12ಕ್ಕೆ ಮೋಹನ ಸಿಗುತ್ತದೆ. ಮೋಹನದಲ್ಲಿ ಒಂದು ದೇವರನಾಮ ಕೈಗೆ ಕೂತಿದೆ. ಮುಂದಿನದು ಹಂಸಧ್ವನಿ. 9ನ್ನು ಬಿಟ್ಟು 11 ಹಿಡಿದರೆ ಆಯಿತು.