ಕಾಸೆರೆಸ್ ಕೋಟೆಯೊಳಗೆ: ತಲೆಯೆತ್ತಿ ನೋಡುತ್ತಾ ನಡೆಯುವ ಬಗೆ

ಪಶ್ಚಿಮ ಸ್ಪೇನ್‌ನ ಎಸ್ತ್ರೆಮಾದೂರಾ ಪ್ರಾಂತದಲ್ಲಿರುವ ಕಾಸೆರೆಸ್‌ನ ಕೋಟೆಯೊಳಗಿನ ಹಳೆಯ ಪೇಟೆಯನ್ನು ಅರ್ಧ ಗಂಟೆಯಲ್ಲಿ ದಾಟಿಬಿಡಬಹುದು. ಆದರೂ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಪೇಟೆಗೆ ಇಡೀ ಒಂದು ದಿನವನ್ನು ಮೀಸಲಿಡುವುದು ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಕಲ್ಲು ಕಾದು ಕೆಂಡವಾಗುವುದರಿಂದ ಬೆಳಗ್ಗೆ ಬೇಗ ಹೊರಡಬೇಕು. ವೆಲೇತಾಸ್ ಮನೆಯಲ್ಲಿರುವ ವಸ್ತುಸಂಗ್ರಹಾಲಯಕ್ಕೆ ಸೋಮವಾರ ರಜೆ.

ಪ್ಲಾಸಾ ಮಯೋರ್ ಚೌಕದಲ್ಲಿ ನಿಂತು ಮೊದಲು ಬುಹಾಕೋ ಕೊತ್ತಲವನ್ನು ಹತ್ತಿದರೆ ಊರಿನ ನಕ್ಷೆ ಕಣ್ಣಿಗೆ ಸಿಗುತ್ತದೆ. ಅಲ್ಲಿಂದಿಳಿದು ಎಸ್ತ್ರೆಲ್ಯಾ ಹೆಬ್ಬಾಗಿಲನ್ನು ಹೊಕ್ಕುವಾಗ ಅದರ ಕಮಾನು ಓರೆಯಾಗಿರುವುದನ್ನು ಗಮನಿಸಿ: ಕುದುರೆ ಸಾರೋಟುಗಳು ತಿರುಗಿ ಒಳಬರಲು ಅನುಕೂಲವಾಗಲೆಂದು 18ನೇ ಶತಮಾನದಲ್ಲಿ ಅದನ್ನು ಹಾಗೆ ಕಟ್ಟಿದರು.

ಒಳಗೆ ಅಂಗಡಿಗಳು ವಿರಳ, ಗೋಡೆಗಳೇ ಹೆಚ್ಚು. ಸಾಂತಾ ಮರಿಯಾ ಚರ್ಚಿನಲ್ಲಿ ಬಣ್ಣ ಬಳಿಯದೆ ಬರಿಯ ಮರದಲ್ಲೇ ಉಳಿಸಿದ 16ನೇ ಶತಮಾನದ ಕೆತ್ತನೆಯ ಫಲಕವನ್ನು ನೋಡಿಕೊಂಡು ಸಾನ್ ಮತೇಯೋ ಚೌಕದತ್ತ ಏರುವಾಗ, ಬಾಗಿಲ ಮೇಲಿನ ಲಾಂಛನಗಳ ಜೊತೆಗೆ ಗೋಪುರಗಳ ನೆತ್ತಿಯನ್ನೂ ನೋಡುತ್ತಿರಬೇಕು, ಏಕೆಂದರೆ ಈ ಊರಿನ ರಾಜಕೀಯ ಬರೆದಿರುವುದು ಅಲ್ಲಿಯೇ. ಪರಸ್ಪರ ಕಾದಾಡುತ್ತಿದ್ದ ಇಲ್ಲಿನ ಶ್ರೀಮಂತ ಮನೆತನಗಳನ್ನು ಹದ್ದುಬಸ್ತಿಗೆ ತರಲು ಕಾಸ್ತೀಲ್ ರಾಜ್ಯದ ರಾಣಿ ಇಸಾಬೆಲ್ 15ನೇ ಶತಮಾನದ ಕೊನೆಯ ಭಾಗದಲ್ಲಿ ಅವರ ಗೋಪುರಗಳ ತಲೆ ಕತ್ತರಿಸಲು ಆಜ್ಞಾಪಿಸಿದಳು; ಅವಳ ಪಕ್ಷದಲ್ಲಿ ನಿಂತಿದ್ದ ದಿಯೇಗೋ ದೆ ಓವಾಂದೋನ ಕೊಕ್ಕರೆ ಗೋಪುರ ಮಾತ್ರ ತನ್ನ ತೆನೆಗಳೊಡನೆ ಪೂರ್ಣ ಎತ್ತರದಲ್ಲಿ ಉಳಿಯಿತು. ನಿಜವಾದ ಕೊಕ್ಕರೆಗಳನ್ನು ಕಾಣಬೇಕಿದ್ದರೆ ವಸಂತದಲ್ಲಿ ಹೋಗಿ. ಅವು ರಾಜಾಜ್ಞೆಯನ್ನು ಲೆಕ್ಕಿಸದೆ ಎಲ್ಲ ಗೋಪುರಗಳ ಮೇಲೂ ಗೂಡು ಕಟ್ಟುತ್ತವೆ.

ಸಮಯ ಕಡಿಮೆಯಿದ್ದರೆ ಉಳಿದುದನ್ನು ಬಿಟ್ಟರೂ ವೆಲೇತಾಸ್ ಮನೆಯನ್ನು ಬಿಡಬಾರದು. ಈಗ ವಸ್ತುಸಂಗ್ರಹಾಲಯವಾಗಿರುವ ಆ ಕಟ್ಟಡದ ನೆಲದಡಿಯಲ್ಲಿ, ಅರಬರ ಕಾಲದ ಮಳೆನೀರಿನ ತೊಟ್ಟಿಯೊಂದು ಕುದುರೆ ಲಾಳದಾಕಾರದ ಕಮಾನುಗಳ ಕೆಳಗೆ ಇಂದಿಗೂ ನೀರು ಹಿಡಿದುಕೊಂಡಿದೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವವರೆಗೆ ಅಲ್ಲಿ ಸುಮ್ಮನೆ ನಿಂತಿರಿ. ನೀರಿನಲ್ಲಿ ಕಮಾನುಗಳ ಪ್ರತಿಬಿಂಬ ಆಮೇಲೆಯೇ ಮೂಡುವುದು.

ಅಲ್ಲಿಂದ ಸುಣ್ಣ ಬಳಿದ ಪುಟ್ಟ ಮನೆಗಳ ಹಳೆಯ ಯೆಹೂದಿ ಕೇರಿಗೆ ಇಳಿಯಬೇಕು. ಹಾಸುಗಲ್ಲು ಜಾರುವುದರಿಂದ ಹಿಡಿತವಿರುವ ಪಾದರಕ್ಷೆ ಬೇಕು. ಕೇರಿಯಾಚೆಗೆ ರೋಮನ್ನರು ಕಟ್ಟಿದ ಕ್ರಿಸ್ತೋ ಬಾಗಿಲಿದೆ.

ಸಂಜೆ ಚೌಕಕ್ಕೆ ಮರಳಿದಾಗ ತೋರ್ತಾ ದೆಲ್ ಕಾಸಾರ್ ಎಂಬ ಕುರಿಹಾಲಿನ ಮೆದು ಚೀಸನ್ನು ಕೇಳಿ. ಅದನ್ನು ಪ್ರಾಣಿಗಳ ಹೊಟ್ಟೆಯಿಂದ ತೆಗೆದ ಹೆಪ್ಪಿನ ಬದಲು ಒಂದು ಮುಳ್ಳುಗಿಡದ ಹೂವಿನಿಂದ ಹೆಪ್ಪುಗಟ್ಟಿಸುವುದರಿಂದ ಸಸ್ಯಾಹಾರಿಗಳೂ ಸಂಕೋಚವಿಲ್ಲದೆ ಬ್ರೆಡ್ಡನ್ನು ಅದರಲ್ಲಿ ಅದ್ದಿ ತಿನ್ನಬಹುದು.